ತೊಳೆದಿಟ್ಟ ಮೊಟ್ಟೆ ಸುರಕ್ಷಿತವೇ?
ಮೊಟ್ಟೆಯನ್ನು ತಂದ ಕೂಡಲೇ ನಲ್ಲಿನೀರಿನಲ್ಲಿ ತೊಳೆದಿಡಬೇಕೆಂಬ ಸಲಹೆ ಶುಚಿಯಾಗಿ ಕಾಣುತ್ತದೆ, ಆದರೆ ಅಪಾಯಕ್ಕೆ ಬಾಗಿಲು ತೆರೆಯುತ್ತದೆ. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಅವನ್ನು ಮುಚ್ಚಿರುವ ತೆಳುಪೊರೆ ತೊಳೆದರೆ ಹಾಳಾಗುತ್ತದೆ. ತಣ್ಣೀರು ತಾಗಿದಾಗ ಒಳಗಿನ ದ್ರವ ಕುಗ್ಗಿ, ಚಿಪ್ಪಿನ ಮೇಲಿನ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ನೀರಿನೊಂದಿಗೆ ಒಳಸೇರಬಹುದು. ಅಮೆರಿಕದಲ್ಲಿ ತೊಳೆದೇ ಮಾರುತ್ತಾರಲ್ಲ ಎನ್ನಬಹುದು. ನಿಜ, ಅಲ್ಲಿ ಮೊಟ್ಟೆಗಿಂತ ಬಿಸಿಯಾದ ನೀರಿನಲ್ಲಿ ಯಂತ್ರ ತೊಳೆಯುತ್ತದೆ, ಆಮೇಲೆ ಅಂಗಡಿಯವರೆಗೂ ತಂಪಿನಲ್ಲೇ ಸಾಗಿಸುತ್ತಾರೆ. ನಮ್ಮ ಬೀದಿಯಂಗಡಿಯ ಟ್ರೇಗೆ ಆ ಭಾಗ್ಯವಿಲ್ಲ. ಯುರೋಪಿನ ಒಕ್ಕೂಟವಂತೂ 'ಎ' ದರ್ಜೆಯ ಮೊಟ್ಟೆಯನ್ನು ತೊಳೆಯುವುದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಹಿಕ್ಕೆ ಅಂಟಿದ್ದರೆ? ಒಣಬಟ್ಟೆಯಲ್ಲಿ ಒರೆಸಿ, ತೊಳೆಯಲೇಬೇಕೆಂದರೆ ಒಡೆಯುವ ಮುನ್ನವಷ್ಟೇ ತೊಳೆಯಿರಿ, ಕೈಗೆ ಸೋಪು ಹಚ್ಚಿ. ಫ್ರಿಜ್ಜಿನ ಬಾಗಿಲ ಗುಳಿಗಳೂ (ಕಂಪನಿಗಳು ಅಲ್ಲೇ ಯಾಕೆ ಮಾಡುತ್ತವೋ!) ಬೇಡ, ಅಲ್ಲಿ ಉಷ್ಣತೆ ಏರಿಳಿಯುತ್ತದೆ. ಒಳಗಿನ ಅಂತಸ್ತಿನಲ್ಲಿಡಿ, ಹಳದಿ ಗಟ್ಟಿಯಾಗುವವರೆಗೆ ಬೇಯಿಸಿ.