ತಿದ್ದುವ ಕೈಗೂ ಬೆಲೆಯುಂಟು

ಕಂಪ್ಯೂಟರಿನಲ್ಲಿ ಕಥೆಯ ಪಾತ್ರಗಳನ್ನು ಚಿತ್ರಿಸಿ ಅಂತರ್ಜಾಲದಲ್ಲಿ ನಾಲ್ಕು ಜನರ ಮುಂದಿಡುವ ತರುಣರನ್ನು ಕಂಡು 'ಇದೂ ಒಂದು ಕೆಲಸವೇ?' ಎನ್ನುವವರುಂಟು. ಕೆಲಸವೇ ಹೌದೆಂದು ನಾವು ಹೇಳುತ್ತೇವೆ.

ಹೊಸಬನ ಚಿತ್ರವನ್ನು ಅನುಭವಿಯೊಬ್ಬ ನೋಡಿ, 'ಬೆಳಕು ಎಡದಿಂದ ಬಂದರೆ ನೆರಳು ಬಲಕ್ಕೆ ಬೀಳಬೇಕು. ಮೈಭಾರ ಒಂದೇ ಕಾಲಿನ ಮೇಲಿದ್ದರೆ ಸೊಂಟ ಆ ಕಡೆಗೆ ಮೇಲೇಳಬೇಕು' ಎಂದು ಗೆರೆ ಎಳೆದು ತೋರಿಸುತ್ತಾನೆ. ಬರಿಯ 'ಭೇಷ್' ಎಂದರೆ ಕೈ ಪಳಗದು. ಹಂಗಿಸಿದರೆ ಕೈ ನಿಂತೇಹೋದೀತು. ಮಗ್ಗದ ಬಳಿ ಹಳಬ ಹೊಸಬನಿಗೆ ಕಡಿದ ಎಳೆ ಕೂಡಿಸಲು ಕಲಿಸುವುದೂ ಹೀಗೆಯೇ ಅಲ್ಲವೆ? ಇದು ಶುಲ್ಕವಿಲ್ಲದ ಶಾಲೆ.

ಈ ಶಾಲೆಗೆ ಈಗ ಕನ್ನ ಬಿದ್ದಿದೆ. 2022ರಲ್ಲಿ ಹೊರಬಂದ ಲಾಯಾನ್-5ಬಿ ಎಂಬ ಪಟ್ಟಿಯಲ್ಲಿ ಅಂತರ್ಜಾಲದಿಂದ ಹೆಕ್ಕಿದ 500 ಕೋಟಿಗೂ ಮಿಕ್ಕ ಚಿತ್ರಗಳ ವಿಳಾಸಗಳಿದ್ದವು. ಅಂಥ ಚಿತ್ರಗಳಿಂದ ಕಂಪೆನಿಗಳು ಚಿತ್ರ ಬರೆಯುವ ಯಂತ್ರಗಳನ್ನು ಪಳಗಿಸಿದವು. ಬರೆದವರ ಒಪ್ಪಿಗೆ ಕೇಳಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಆರ್ಟ್‌ಸ್ಟೇಷನ್ ತಾಣದ ಕಲಾವಿದರು ತಮ್ಮ ಪುಟಗಳಲ್ಲೆಲ್ಲ ಪ್ರತಿಭಟನೆಯ ಫಲಕ ಹಾಕಿದರು.

ಮನಸಾರೆ ಕೊಡುವುದು ಬೇರೆ, ಕೇಳದೆ ಒಯ್ಯುವುದು ಬೇರೆ. ಫ್ರಾನ್ಸಿನ ಡೇವಿಡ್ ರೆವೊಯ್ 2014ರಲ್ಲಿ ಆರಂಭಿಸಿದ 'ಪೆಪ್ಪರ್ ಅಂಡ್ ಕ್ಯಾರಟ್' ಚಿತ್ರಕಥೆಯನ್ನು, ಬರೆದವರ ಹೆಸರು ಹೇಳಿದರೆ ಸಾಕೆಂದು, ಎಲ್ಲರ ಬಳಕೆಗೂ ಬಿಟ್ಟುಕೊಟ್ಟಿದ್ದಾರೆ. ಅದು ದಾನ, ಇದು ದೋಚಿಕೆ.

ದೋಚುವರೆಂಬ ಭಯದಿಂದ ಹೊಸಬ ಚಿತ್ರವನ್ನು ಮುಚ್ಚಿಟ್ಟರೆ ತಿದ್ದುವವರು ಯಾರನ್ನು ತಿದ್ದಬೇಕು? ಒಪ್ಪಿಗೆಯಿಲ್ಲದೆ ಯಾರ ಚಿತ್ರವನ್ನೂ ಯಂತ್ರಕ್ಕೆ ಉಣಿಸಕೂಡದೆಂಬ ಕಾನೂನು ಬರಲೇಬೇಕು. ದುಡಿಮೆಯ ಬೆಲೆ ಬಲ್ಲ ಗಿರಣಿ ಕೆಲಸಗಾರರೂ ಅಂಗಡಿಕಾರರೂ ಈ ತರುಣರ ಪರವಾಗಿ ನಿಲ್ಲಬೇಕು.