ಎತ್ತರದ ಕಾರು

ಬೆಂಗಳೂರಿನ ಬಸವನಗುಡಿಯ ಮನೆಯೊಂದರಲ್ಲಿ ಮೂರು ವಾರಗಳಿಂದ ಸಂಜೆಯ ಕಾಫಿಯ ಹೊತ್ತಿಗೆ ಒಂದೇ ಮಾತು. ಯಜಮಾನರ ಕೈಯಲ್ಲಿರುವುದು ಹತ್ತು ಲಕ್ಷ ರೂಪಾಯಿ. ಆ ಹಣಕ್ಕೆ ಚಿಕ್ಕದೊಂದು ಹೊಸ ಎಸ್‌ಯುವಿ ದೊರೆಯುತ್ತದೆ. ಐದು ವರ್ಷ ಓಡಿದ ದೊಡ್ಡ ಡೀಸೆಲ್ ಎಸ್‌ಯುವಿಯೂ ದೊರೆಯುತ್ತದೆ. ಎಂಜಿನಿಯರಿಂಗ್ ಓದುತ್ತಿರುವ ಮಗನ ಮನಸ್ಸು ದೊಡ್ಡದರ ಮೇಲೆ. ಅವನ ತಾಯಿಗೆ ಹೊಸದೇ ಆಗಬೇಕು. ಅಜ್ಜಿ ಮಾತ್ರ, "ಯಾವುದಾದರೂ ತನ್ನಿ ಕಣಪ್ಪಾ, ಹತ್ತೋದಕ್ಕೆ ಜೊತೆಗೊಂದು ಮಣೆ ಕೊಡ್ತಾರೇನೋ ಕೇಳಿ" ಎಂದು ಸುಮ್ಮನಾದರು. ಎಲ್ಲರೂ ನಕ್ಕರು. ಕಾರಿನ ವಿಚಾರವಾಗಿ ಆ ಮನೆಯಲ್ಲಿ ಹೊರಟ ಮೊದಲ ತೂಕದ ಮಾತು ಅದೇ ಎಂಬುದು ಯಾರಿಗೂ ಹೊಳೆಯಲಿಲ್ಲ.

ಎಸ್‌ಯುವಿ ಎಂಬ ಒಂದೇ ಹೆಸರಿನ ನೆರಳಿನಲ್ಲಿ ಎರಡು ಜಾತಿಯ ವಾಹನಗಳು ಸೇರಿಕೊಂಡಿವೆ. ಬೊಲೆರೊ, ಸ್ಕಾರ್ಪಿಯೋ, ಥಾರ್‌ಗಳಲ್ಲಿ ಏಣಿಯಾಕಾರದ ಉಕ್ಕಿನ ಚಾಸಿಯ ಮೇಲೆ ಮೈಯನ್ನು ಪ್ರತ್ಯೇಕವಾಗಿ ಕೂರಿಸಿರುತ್ತಾರೆ. ಅದು ಲಾರಿಯ ವಂಶ. ಬ್ರೆಜ್ಜಾ, ನೆಕ್ಸಾನ್, ಕ್ರೆಟಾಗಳಲ್ಲಿ ಹಾಗೆ ಬೇರೆ ಚಾಸಿಯಿಲ್ಲ. ಮೈಯೇ ಭಾರವನ್ನೆಲ್ಲ ಹೊರುತ್ತದೆ. ಇವನ್ನು ಕ್ರಾಸ್‌ಓವರ್ ಎನ್ನುವುದೇ ಸರಿ. ಇವುಗಳಲ್ಲಿ ಬಹುಪಾಲು ಮುಂದಿನ ಎರಡು ಚಕ್ರಗಳ ಬಲದಿಂದಷ್ಟೇ ಓಡುವಂಥವು. ಎತ್ತರವನ್ನು ನಂಬಿ ಮಳೆಗಾಲದಲ್ಲಿ ಕಾಫಿ ತೋಟದ ಕೆಸರುದಾರಿಗೆ ಇಳಿಸಿದವರು ಟ್ರ್ಯಾಕ್ಟರಿಗೆ ಹೇಳಿಕಳುಹಿಸಬೇಕಾದೀತು.

ಚಿಕ್ಕ ಎಸ್‌ಯುವಿಗಳ ಬಾಲ ಮೊಟಕಾಗಿರುವುದಕ್ಕೆ ಕಾರಣ ಸೌಂದರ್ಯಶಾಸ್ತ್ರವಲ್ಲ, ತೆರಿಗೆ. 2006ರ ಕೇಂದ್ರ ಬಜೆಟ್ಟು ನಾಲ್ಕು ಮೀಟರಿನೊಳಗಿನ, ಸಣ್ಣ ಎಂಜಿನ್ನಿನ ಕಾರುಗಳ ಉತ್ಪಾದನಾ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. ಅಂದಿನಿಂದ ತಯಾರಕರು ಅಳತೆಗೋಲು ಹಿಡಿದೇ ಕಾರು ಕತ್ತರಿಸುತ್ತಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಲ್ಲಿಯೂ ಅದೇ ಗೆರೆ: ನಾಲ್ಕು ಮೀಟರಿನೊಳಗೆ, ಪೆಟ್ರೋಲ್ 1200 ಸಿ.ಸಿ., ಡೀಸೆಲ್ 1500 ಸಿ.ಸಿ. ಮೀರದಿದ್ದರೆ ಶೇ. 18, ಮೀರಿದರೆ ಶೇ. 40. ಹಳೆಯ ಕಾರನ್ನು ಮಾರುವವನು ತಾನು ಅಂದು ಕೊಟ್ಟ ಬೆಲೆಯ ಬಿಲ್ಲನ್ನು ಮುಂದಿಟ್ಟು ಮರುಗುತ್ತಾನೆ. ಕೊಳ್ಳುವವನು ನೋಡಬೇಕಾದದ್ದು ಆ ಬಿಲ್ಲನ್ನಲ್ಲ, ಅದೇ ಕಾರಿನ ಇಂದಿನ ಹೊಸ ಬೆಲೆಯನ್ನು.

ಮಗ ಮೆಚ್ಚಿದ ದೊಡ್ಡ ವಾಹನದಲ್ಲಿ ಇನ್ನೊಂದು ಸೂಕ್ಷ್ಮವಿತ್ತು. 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಸೋಸಕವಿರುತ್ತದೆ. ಹಿಡಿದ ಮಸಿ ಸುಟ್ಟುಹೋಗಬೇಕಾದರೆ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ತಡೆಯಿಲ್ಲದೆ ಓಡಬೇಕು. ಈ ಮನೆಯ ಕಾರಿನ ದಿನಚರಿಯೋ ಗಾಂಧಿ ಬಜಾರು, ಬ್ಯಾಂಕು, ವೈದ್ಯರ ಮನೆ. ಮೈಸೂರಿಗೆ ವರ್ಷಕ್ಕೆರಡು ಬಾರಿ. ಸೋಸಕ ಕಟ್ಟಿಕೊಂಡು ಬದಲಾಯಿಸಬೇಕಾಗಿ ಬಂದರೆ ಹಳೆಯದರಲ್ಲಿ ಉಳಿಸಿದ ಹಣ ಅಲ್ಲಿಗೇ ಅರ್ಪಣೆ. ಆನೆ ಕೊಂಡು ಅಂಕುಶಕ್ಕೆ ಪರದಾಡುವುದೆಂದರೆ ಇದೇ ಇರಬೇಕು.

ಹಾಗೆಂದು ಹಳೆಯ ಕಾರೆಲ್ಲ ತ್ಯಾಜ್ಯವಲ್ಲ. ಸರ್ವಿಸ್ ದಾಖಲೆ ನೆಟ್ಟಗಿರುವ, ಮೂರು ನಾಲ್ಕು ವರ್ಷದ ಪೆಟ್ರೋಲ್ ಕ್ರಾಸ್‌ಓವರ್ ಎಷ್ಟೋ ಮನೆಗಳಿಗೆ ಹೊಸದಕ್ಕಿಂತ ಜಾಣ ಆಯ್ಕೆ. ನೋಡಲು ಹೋದಾಗ ಎಂಜಿನ್ ತಣ್ಣಗಿರಲಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏಕೆಂದು ಕೇಳಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಬೇಕು. ನೆರೆಯಲ್ಲಿ ಮುಳುಗಿದ ಕಾರನ್ನು ಎಷ್ಟು ತೊಳೆದರೂ ಅಲ್ಲಿ ಕೆಸರಿನ ಗುರುತು ಉಳಿದಿರುವುದುಂಟು. ಟೈರಿನ ಪಕ್ಕದಲ್ಲಿ 2321 ಎಂದಿದ್ದರೆ ಅದು 2021ರ 23ನೆಯ ವಾರದಲ್ಲಿ ತಯಾರಾದದ್ದು.

ಭಾನುವಾರ ಎಲ್ಲರೂ ಹೊರಟರು. ಸ್ಕಾರ್ಪಿಯೋದ ಬಾಗಿಲು ತೆರೆದಾಗ ಅಜ್ಜಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಮೊಮ್ಮಗನ ಹೆಗಲು ಹಿಡಿದು, ಮತ್ತೆ ಇಳಿಸಿಬಿಟ್ಟರು. ಚಿಕ್ಕ ಕಾರಿನ ಸೀಟು ಅವರ ಸೊಂಟದ ಮಟ್ಟಕ್ಕಿತ್ತು. ಹಿಂದಕ್ಕೆ ಕುಳಿತು, ಕಾಲೆರಡನ್ನೂ ಒಳಗೆ ತಿರುಗಿಸಿಕೊಂಡು, "ಜಗಲಿ ಮೇಲೆ ಕೂತ ಹಾಗಿದೆ" ಎಂದರು. ಮಗ ಮತ್ತೆ ದೊಡ್ಡದರ ಮಾತೆತ್ತಲಿಲ್ಲ.

ಚಿಕ್ಕದು, ಹೊಸದು ಎಂದು ತೀರ್ಮಾನವಾಯಿತು. ಆದರೆ ನಿಜವಾದ ಗಂಡಾಂತರ ಕಾದಿದ್ದುದು ಕೊಳ್ಳುವ ಕಾರಿನಲ್ಲಲ್ಲ, ಮನೆಯ ಮುಂದೆ ಹನ್ನೊಂದು ವರ್ಷ ನಿಂತಿದ್ದ ಹಳೆಯ ಕಾರಿನಲ್ಲಿ. ಕೈಯಿಂದ ಕೈಗೆ ಮಾರಾಟವಾಗಿ, ನೋಂದಣಿ ಮಾತ್ರ ಮೊದಲಿನವರ ಹೆಸರಿನಲ್ಲಿಯೇ ಉಳಿದಿದ್ದ ಕಾರೊಂದರ ಅಪಘಾತದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ: ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವವರದೇ. ಹಣ ಎಣಿಸಿಕೊಂಡು, ಕೀಲಿಕೈ ಕೊಟ್ಟು ಎಷ್ಟು ವರ್ಷವಾಗಿದ್ದರೂ ಸರಿಯೇ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಅಧಿಕೃತ ಪತ್ರವಿರುವ ವ್ಯಾಪಾರಿಗೆ ಕಾರನ್ನು ಒಪ್ಪಿಸಿ ಆರ್.ಟಿ.ಓ.ಗೆ ಆನ್‌ಲೈನಿನಲ್ಲಿ ತಿಳಿಸಿದರೆ ಆ ಹೊಣೆ ವ್ಯಾಪಾರಿಗೆ ದಾಟುತ್ತದೆ. ಇನ್ನು ಕ್ಲೇಮು ಮಾಡದೆ ವರ್ಷವರ್ಷವೂ ಗಳಿಸಿದ ವಿಮೆಯ ರಿಯಾಯಿತಿ ಕಾರಿನ ಸ್ವತ್ತಲ್ಲ, ಒಡೆಯನದು. ಪತ್ರ ಬರೆಸಿಕೊಂಡು ಹೊಸ ಕಾರಿಗೆ ತರಬಹುದು.

ಬುಧವಾರ ದಲ್ಲಾಳಿ ಬಂದ. ಫಾರಂ 29, 30 ಎರಡನ್ನೂ ಕಾಫಿ ಲೋಟದ ಪಕ್ಕದಲ್ಲಿ ಹರಡಿ, "ಇಲ್ಲೆರಡು ಸಹಿ ಹಾಕಿಬಿಡಿ ಸಾರ್, ಕೊಳ್ಳೋರ ಹೆಸರು ಆಮೇಲೆ ನಾವೇ ಬರ್ಕೋತೀವಿ" ಎಂದ. ಯಜಮಾನರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಳಿಸಿದರು.

"ಹೆಸರು ಬರೆಸಿಕೊಂಡೇ ಬನ್ನಿ. ಕಾರು ಇಲ್ಲೇ ಇರುತ್ತೆ."