ಪ್ರೀತಿಭೋಜನದ ನಂತರ

ಮಹಾನಗರದ ನಮ್ಮ ಸಂಘ-ಸಂಸ್ಥೆಗಳ ಕಾರ್ಯಕ್ರಮದ ವರದಿಗಳು ಈ ಪುಟಕ್ಕೆ ಬರುವಾಗ ಅವುಗಳ ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಕಾರ್ಯದರ್ಶಿ ವಂದಿಸಿದರು, ಕೊನೆಗೆ ಪ್ರೀತಿಭೋಜನ ಜರಗಿತು. ಆದರೆ ಪ್ರೀತಿಭೋಜನದ ಬಳಿಕ ಜರಗುವುದನ್ನು ಯಾರೂ ವರದಿ ಮಾಡುವುದಿಲ್ಲ. ಬಾಳೆ ಎಲೆ, ಉಳಿದ ಅನ್ನ-ಸಾಂಬಾರು, ವೇದಿಕೆಯ ಹೂವು, ಗಣ್ಯರಿಗೆ ಹಾಕಿದ ಹಾರ, ನೀರಿನ ಬಾಟಲಿ, ಪಾಯಸದ ಪ್ಲಾಸ್ಟಿಕ್ ಲೋಟ, ಎಲ್ಲವೂ ಒಂದೇ ಕಪ್ಪು ಚೀಲಕ್ಕೆ ಬಿದ್ದು ಸಭಾಗೃಹದ ಹಿಂಬಾಗಿಲಿನಿಂದ ಹೊರಗೆ ಹೋಗುತ್ತದೆ. ಒಬ್ಬರಿಗೆ ಇನ್ನೂರು ಗ್ರಾಂ ಎಂದು ಹಿಡಿದರೂ 500 ಮಂದಿಯ ಊಟಕ್ಕೆ 100 ಕಿಲೋ ಹಸಿ ಕಸ. ವಾರ್ಷಿಕೋತ್ಸವ, ಅರಸಿನ ಕುಂಕುಮ, ಆಟಿಯ ಕೂಟ, ವಿಹಾರಕೂಟ, ಶನಿಪೂಜೆ ಎಂದು ವರ್ಷವಿಡೀ ಲೆಕ್ಕ ಹಾಕಿದರೆ ಎಷ್ಟಾದೀತೆಂದು ಓದುಗರೇ ಊಹಿಸಬಹುದು.

ಈ ಚೀಲ ಹೋಗುವ ಜಾಗದ ಪರಿಚಯ ಗೋವಂಡಿ, ಚೆಂಬೂರು ಪರಿಸರದ ನಮ್ಮವರಿಗೆ ಬೇರೆ ಹೇಳಬೇಕಾಗಿಲ್ಲ. ದೇವನಾರ್‌ನಲ್ಲಿ ಕಸ ಸುರಿಯಲು ಆರಂಭವಾದದ್ದು 1927ರಲ್ಲಿ. ಗಾಳಿಯಾಡದೆ ಅಡಿಯಲ್ಲಿ ಕೊಳೆತ ಹಸಿ ಕಸದಿಂದ ಹುಟ್ಟುವ ಮೀಥೇನ್ ಅನಿಲ ಬೆಂಕಿಗೆ ತುಪ್ಪವಿದ್ದಂತೆ. 2016ರ ಜನವರಿಯಲ್ಲಿ ಅಲ್ಲಿ ಬೆಂಕಿ ಹತ್ತಿಕೊಂಡು ದಿನಗಟ್ಟಲೆ ಹೊಗೆ ಕವಿದಾಗ ಸುತ್ತಲಿನ ಶಾಲೆಗಳಿಗೆ ರಜೆ ಕೊಡಬೇಕಾಯಿತು. 2025ರಲ್ಲಿ ಪಾಲಿಕೆಯು ಅಲ್ಲಿ ಬಿದ್ದಿರುವ ಸುಮಾರು 185 ಲಕ್ಷ ಟನ್ ಹಳೆಯ ಕಸವನ್ನು ಜೈವಿಕ ವಿಧಾನದಿಂದ ತೆರವುಗೊಳಿಸಲು ಸುಮಾರು 2,368 ಕೋಟಿ ರೂಪಾಯಿ ಅಂದಾಜಿನ ಟೆಂಡರು ಕರೆಯಿತು. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಅಭ್ಯಾಸವಾದವರಿಗೆ ಭಾಗಾಕಾರ ಮಾಡದೆ ಇರಲಾಗುವುದಿಲ್ಲ. ಟನ್ನಿಗೆ 1,280 ರೂಪಾಯಿ, ಎಂದರೆ ಕಿಲೋ ಒಂದಕ್ಕೆ ಒಂದೂಕಾಲು ರೂಪಾಯಿಗಿಂತ ತುಸು ಹೆಚ್ಚು. ನಾವು ಎಸೆದದ್ದನ್ನು ಲಾರಿಯಲ್ಲಿ ಸಾಗಿಸಲು ಒಮ್ಮೆ ಖರ್ಚು, ಹತ್ತಾರು ವರ್ಷಗಳ ಮೇಲೆ ಅದನ್ನೇ ಅಗೆದು ತೆಗೆಯಲು ಇನ್ನೊಮ್ಮೆ ಖರ್ಚು. ಎರಡೂ ನಮ್ಮ ತೆರಿಗೆಯಿಂದಲೇ.

ಈ ಜೈವಿಕ ವಿಧಾನ ಎಂದರೆ ಬೇರೇನಲ್ಲ. ಹಳೆಯ ಕಸವನ್ನು ಕೆದಕಿ, ಉದ್ದುದ್ದ ರಾಶಿ ಮಾಡಿ, ಕಸ ತಿನ್ನುವ ಸೂಕ್ಷ್ಮಜೀವಿಗಳ ದ್ರಾವಣ ಸಿಂಪಡಿಸಿ, ಗಾಳಿಯಾಡಲು ಆಗಾಗ ಮಗುಚಿ, ಒಣಗಿದ ಮೇಲೆ ಜರಡಿ ಹಿಡಿದು ಮಣ್ಣು, ಕಲ್ಲು, ಪ್ಲಾಸ್ಟಿಕ್ಕುಗಳನ್ನು ಬೇರೆ ಮಾಡುವುದು. ಕಣ್ಣಿಗೆ ಕಾಣದ ಈ ಜೀವಿಗಳ ಸೇವೆಯನ್ನು ಮುಂಬಯಿ ಹಿಂದೆಯೂ ಪಡೆದಿದೆ. 2010ರ ಆಗಸ್ಟ್‌ನಲ್ಲಿ ಬಂದರಿನ ಹೊರಗೆ ಎರಡು ಹಡಗುಗಳು ಢಿಕ್ಕಿಯಾಗಿ ತೈಲ ಸೋರಿದಾಗ, ದಿಲ್ಲಿಯ ಟೆರಿ ಸಂಸ್ಥೆ ಬೆಳೆಸಿದ ತೈಲ ತಿನ್ನುವ ಬ್ಯಾಕ್ಟೀರಿಯಾಗಳನ್ನು ಕರಾವಳಿಯ ಶುದ್ಧೀಕರಣಕ್ಕೆ ಬಳಸಲಾಗಿತ್ತು.

ನಿಜ ಹೇಳಬೇಕೆಂದರೆ ಇದು ನಮ್ಮವರಿಗೆ ಹೊಸ ವಿದ್ಯೆಯಲ್ಲ. ಊರಿನ ಹಟ್ಟಿಯಲ್ಲಿ ದನಗಳ ಕಾಲಡಿಗೆ ಸೊಪ್ಪು ಹಾಕಿ, ಸೆಗಣಿ-ಗಂಜಳದೊಂದಿಗೆ ತುಳಿಸಿ, ಗೊಬ್ಬರದ ಗುಂಡಿಯಲ್ಲಿ ಕಳಿಯಲು ಬಿಡುತ್ತಿದ್ದ ನಮ್ಮ ಅಜ್ಜಂದಿರು ಬ್ಯಾಕ್ಟೀರಿಯಾ ಎಂಬ ಶಬ್ದ ಕೇಳಿರಲಿಲ್ಲ. ಭತ್ತದ ಕೊಯ್ಲಿನ ನಂತರ ಗದ್ದೆಗೆ ಉದ್ದು ಬಿತ್ತುತ್ತಿದ್ದರು. ಉದ್ದಿನ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಸೂಕ್ಷ್ಮಜೀವಿ ಕುಳಿತು ಗಾಳಿಯ ಸಾರಜನಕವನ್ನು ಬೆಳೆಗೆ ಒದಗಿಸುತ್ತದೆ ಎಂಬುದನ್ನು ವಿಜ್ಞಾನಿಗಳು ಕಂಡುಕೊಂಡದ್ದು 19ನೇ ಶತಮಾನದ ಕೊನೆಯಲ್ಲಿ. ಗದ್ದೆಗೆ ಅದು ಮೊದಲೇ ಗೊತ್ತಿತ್ತು!

ಹಾಗಾದರೆ ಸಂಘದಲ್ಲೇ ಗೊಬ್ಬರ ಮಾಡೋಣ ಎಂದೊಡನೆ ಕಾರ್ಯಕಾರಿ ಸಮಿತಿಯಲ್ಲಿ ಏಳುವ ಮೊದಲ ಆಕ್ಷೇಪ ‘ವಾಸನೆ ಬರುತ್ತದೆ, ಸೊಸೈಟಿಯವರು ಒಪ್ಪುವುದಿಲ್ಲ’ ಎಂಬುದು. ಆಕ್ಷೇಪ ತಪ್ಪಲ್ಲ, ಆದರೆ ವಾಸನೆಗೆ ಕಾರಣ ಗೊಬ್ಬರವಲ್ಲ. ಗಾಳಿ ಸಿಗದೆ ಒದ್ದೆಯಾಗಿ ಮುದ್ದೆಗಟ್ಟಿದಾಗ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಮೇಲುಗೈ ಪಡೆಯುತ್ತವೆ, ನಾತ ಬರುವುದು ಅವುಗಳಿಂದ. ಗಾಳಿ ಬೇಕಾದ ಜೀವಿಗಳಿಗೆ ಗಾಳಿ ಕೊಟ್ಟರೆ ಅವು ಮೌನವಾಗಿ ಕೆಲಸ ಮಾಡುತ್ತವೆ, ರಾಶಿಯ ಒಳಗಿನ ಶಾಖ 55 ಡಿಗ್ರಿ ದಾಟುತ್ತದೆ, ಹುಳದ ಮೊಟ್ಟೆ, ಕಳೆಬೀಜಗಳು ಅದರಲ್ಲೇ ಸಾಯುತ್ತವೆ. ಕೊನೆಗೆ ಬರುವುದು ಮೊದಲ ಮಳೆಯ ಮಣ್ಣಿನ ಪರಿಮಳ. ಮಾಡಬೇಕಾದದ್ದು ಇಷ್ಟೆ: ಸುತ್ತಲೂ ತೂತುಗಳಿರುವ ಡ್ರಮ್ಮು, ಹಸಿ ಕಸದ ಪ್ರತಿಯೊಂದು ಪದರದ ಮೇಲೆ ಅದರಷ್ಟೇ ಅಥವಾ ಇನ್ನೂ ಹೆಚ್ಚು ಒಣ ಎಲೆ, ಮರದ ಹುಡಿ ಇಲ್ಲವೆ ತೆಂಗಿನ ನಾರಿನ ಪುಡಿ, ವಾರಕ್ಕೆರಡು ಸಲ ಮಗುಚುವುದು. ಆರಂಭಕ್ಕೆ ಒಂದು ಬುಟ್ಟಿ ಹಳೆಯ ಗೊಬ್ಬರ ಹಾಕಿದರೆ ಸಾಕು, ಬೇಕಾದ ಜೀವಿಗಳೆಲ್ಲ ಅದರಲ್ಲೇ ಇರುತ್ತವೆ. ಉಪ್ಪು, ಎಣ್ಣೆ ಜಾಸ್ತಿ ಇರುವ ಸಾಂಬಾರು-ಪಲ್ಯವನ್ನು ಮಾತ್ರ ಸೋಸಿ, ಮಿತಿಯಲ್ಲಿ ಹಾಕಬೇಕು. ಮಳೆಗಾಲದಲ್ಲಿ ಮೇಲೆ ತಗಡು ಬೇಕೇ ಬೇಕು.

ಇಲ್ಲಿ ಒಂದು ಎಚ್ಚರಿಕೆ. ಸೂಕ್ಷ್ಮಜೀವಿಗಳ ಹೆಸರಿನಲ್ಲಿ ಬಾಟಲಿ ಮಾರುವವರು ಈಗ ಬೇಕಾದಷ್ಟಿದ್ದಾರೆ. ಜಪಾನಿನ ಓಕಿನಾವಾದ ಪ್ರಾಧ್ಯಾಪಕ ತೆರುವೊ ಹಿಗಾ 1980ರ ದಶಕದಲ್ಲಿ ಮೊಸರಿನ ಬ್ಯಾಕ್ಟೀರಿಯಾ, ಯೀಸ್ಟ್, ಬೆಳಕು ಉಣ್ಣುವ ಬ್ಯಾಕ್ಟೀರಿಯಾ ಮುಂತಾದವುಗಳನ್ನು ಕೂಡಿಸಿ ‘ಇ.ಎಂ.’ ಎಂಬ ದ್ರಾವಣವನ್ನು ಲೋಕಕ್ಕೆ ಪರಿಚಯಿಸಿದರು. ಅಡುಗೆಮನೆಯ ಕಸ ಹುಳಿಸಲು ಅದು ಉಪಯುಕ್ತವೇ ಸರಿ. ಆದರೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 2003ರಿಂದ 2006ರ ತನಕ ಹೊಲದಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಕಂಡುಬಂದ ಅಲ್ಪ ಪ್ರಯೋಜನವೂ ಆ ಜೀವಿಗಳಿಂದಲ್ಲ, ಅವುಗಳೊಂದಿಗೆ ಹಾಕಿದ ಪೋಷಕ ವಸ್ತುವಿನಿಂದ ಎಂದು ತಿಳಿದುಬಂತು. ಇಂಥ ಜೀವಾಣುಗಳನ್ನು ಸೇರಿಸಿದ ಮಣ್ಣಿನ ಉಂಡೆ ಎಸೆದರೆ ಕೆರೆ ಶುದ್ಧವಾಗುತ್ತದೆ ಎಂದು ಹೇಳುವವರೂ ಇದ್ದಾರೆ. ಚರಂಡಿ ನೀರು ಒಂದು ಕಡೆಯಿಂದ ಒಳಗೆ ಬರುತ್ತಲೇ ಇದ್ದರೆ ಉಂಡೆ ಏನು ಮಾಡೀತು? ಸೂಕ್ಷ್ಮಜೀವಿ ದುಡಿಯುವ ಆಳು, ಮಂತ್ರವಾದಿಯಲ್ಲ.

ಊರಿನಲ್ಲಿ ಅಡಕೆ, ಕಾಳುಮೆಣಸಿನ ತೋಟವಿದ್ದು ಇಲ್ಲಿಂದ ಹಣ ಕಳುಹಿಸಿ ನೋಡಿಕೊಳ್ಳುವ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ತೇವವಿರುವ ಹಟ್ಟಿಗೊಬ್ಬರದಲ್ಲಿ ಬೆರೆಸಿ, ನೆರಳಲ್ಲಿಟ್ಟು ಬೆಳೆಸಿ ಬುಡಕ್ಕೆ ಹಾಕುವ ಕ್ರಮವನ್ನು ಕೃಷಿ ವಿಜ್ಞಾನಿಗಳೇ ಶಿಫಾರಸು ಮಾಡುತ್ತಾರೆ. ಆದರೆ ತೋಟದ ಆಳಿಗೆ ಫೋನಿನಲ್ಲಿ ‘ಹಾಕಿಬಿಡು’ ಎಂದರೆ ಸಾಲದು. ಅದು ಜೀವಂತ ಸರಕು. ಪ್ಯಾಕೆಟಿನ ಮೇಲಿನ ಅವಧಿ ಮುಗಿದಿದ್ದರೆ, ಬಿಸಿಲಿನಲ್ಲಿ ಬಿದ್ದಿದ್ದರೆ, ಮೈಲುತುತ್ತು-ಸುಣ್ಣದ ದ್ರಾವಣದ ಬೆನ್ನಿಗೇ ಹಾಕಿದರೆ ನೀವು ಕೊಟ್ಟ ಹಣ ಮಣ್ಣುಪಾಲು. ಎರಡರ ನಡುವೆ ದಿನಗಳ ಅಂತರ ಬೇಕೇ ಬೇಕು.

ಮತ್ತೆ ಸಭಾಗೃಹಕ್ಕೆ ಬರೋಣ. ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಗಳಲ್ಲಿ ಕಸವನ್ನು ಅಲ್ಲೇ ಬೇರ್ಪಡಿಸಬೇಕೆಂದು ಕೇಂದ್ರ ಸರಕಾರದ 2016ರ ನಿಯಮಾವಳಿಯೇ ಹೇಳಿತ್ತು. ಎಷ್ಟು ಸಂಘಗಳು ಅದನ್ನು ಓದಿದ್ದಾವು? ನಾಲ್ಕು ಡ್ರಮ್ಮುಗಳ ಖರ್ಚು ಒಂದು ವಾರ್ಷಿಕೋತ್ಸವದ ಶಾಲು, ಹಾರ, ಸ್ಮರಣಿಕೆಗಳ ಖರ್ಚನ್ನು ಮೀರಲಾರದು. ಸನ್ಮಾನ ಬೇಡವೆಂದಲ್ಲ, ಎರಡು ಶಾಲು ಕಡಿಮೆಯಾದರೆ ಯಾವ ಗಣ್ಯರೂ ಕೋಪಿಸಿಕೊಳ್ಳಲಾರರು. ಬಡಿಸಲು ಸೊಂಟ ಕಟ್ಟಿ ನಿಲ್ಲುವ ಯುವ ವಿಭಾಗದವರು ಎಲೆ ಎತ್ತುವಾಗಲೂ ಪ್ಲಾಸ್ಟಿಕ್ ಬೇರೆ, ಎಲೆ ಬೇರೆ ಎಂದು ಎರಡು ಬುಟ್ಟಿ ಹಿಡಿದರೆ ಅರ್ಧ ಕೆಲಸ ಮುಗಿಯಿತು. ಮಗುಚುವ ಹೊಣೆಯನ್ನು ವಾಚ್‌ಮನ್‌ನ ತಲೆಗೆ ಕಟ್ಟದೆ ಸಂಬಳಕ್ಕೆ ಒಬ್ಬರನ್ನು ನೇಮಿಸುವುದು ಲೇಸು. ತಯಾರಾದ ಗೊಬ್ಬರವನ್ನು ಎರಡೆರಡು ಕಿಲೋದ ಚೀಲದಲ್ಲಿ ತುಂಬಿಸಿ, ಬಾಲ್ಕನಿಯಲ್ಲಿ ತುಳಸಿ, ಬಸಳೆ ಬೆಳೆಸುವ ಮಹಿಳಾ ವಿಭಾಗದ ಸದಸ್ಯೆಯರಿಗೆ ಅಲ್ಪ ದರದಲ್ಲಿ ಕೊಟ್ಟರೆ ಆ ಸಂಬಳಕ್ಕೆ ಒಂದಿಷ್ಟು ಹುಟ್ಟುತ್ತದೆ. ಮುಂದಿನ ಮಹಾಸಭೆಯ ಮುಂಗಡಪತ್ರದಲ್ಲಿ ಇದಕ್ಕೊಂದು ಸಾಲು ಸೇರಿಸಲು ಇನ್ನೂ ಸಮಯವಿದೆ. ಮೊದಲು ಕೈಗೊಂಡ ಸಂಘ ಅದರ ವರದಿಯನ್ನು ಈ ಪುಟಕ್ಕೆ ಕಳುಹಿಸಲಿ, ಫೋಟೋದಲ್ಲಿ ಗಣ್ಯರ ಬದಲು ಡ್ರಮ್ಮು ಇದ್ದರೂ ಪ್ರಕಟಿಸೋಣ.